ಚೆಂಡು ಎರಡು ಬಾರಿ ಪುಟಿಯಲಿ: ವಿಕಲಚೇತನ ಮಕ್ಕಳೂ ಆಡಬಹುದಾದ ಟೆನಿಸ್



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪಟ್ಟಣಗಳ ಆಟದ ಸಾಮಾನಿನ ಅಂಗಡಿಯಲ್ಲಿ ಟೆನಿಸ್ ಚೆಂಡು ಕೇಳಿದರೆ ಕೂಡಲೇ ಸಿಗುತ್ತದೆ. ಆದರೆ ಅದನ್ನು ಕೊಳ್ಳುವವರು ಟೆನಿಸ್ ಆಡುವವರಲ್ಲ. ನಮ್ಮ ಸೀಮೆಯಲ್ಲಿ ಆ ಹಸಿರು ಚೆಂಡು ಕ್ರಿಕೆಟ್‌ಗೆ ಮೀಸಲು. ಟೆನಿಸ್ ಎಂಬ ಆಟವು ಬೆಂಗಳೂರಿನ ಕ್ಲಬ್ಬುಗಳಲ್ಲಿ ಬಿಳಿಯ ಉಡುಪು ಧರಿಸಿದವರು ಆಡುವಂಥದ್ದು, ಅದಕ್ಕೂ ನಮಗೂ ಏನು ಸಂಬಂಧ ಎಂಬ ಭಾವನೆ ಬಲವಾಗಿ ಬೇರೂರಿದೆ. ಇದಕ್ಕಿಂತ ಆಳವಾಗಿ ಬೇರೂರಿರುವ ಇನ್ನೊಂದು ಭಾವನೆಯೂ ಉಂಟು. ಆಟವೆಂಬುದು ಕೈಕಾಲು ಗಟ್ಟಿಯಾಗಿರುವ ಮಕ್ಕಳಿಗೆ ಸೇರಿದ್ದು, ಅಂಗದಲ್ಲಿ ಊನವಿರುವ ಮಗು ಅದನ್ನು ನೋಡಿ ಸಂತೋಷಪಟ್ಟರೆ ಸಾಕು ಎಂಬುದೇ ಆ ಭಾವನೆ. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಈ ಎರಡು ನಂಬಿಕೆಗಳನ್ನೂ ಒಟ್ಟಿಗೆ ಪರಿಶೀಲಿಸೋಣ. ಮೊದಲನೆಯದು ನಮಗೆ ಒಂದು ಒಳ್ಳೆಯ ಆಟವನ್ನು ತಪ್ಪಿಸಿದೆ. ಎರಡನೆಯದು ಅನೇಕ ಮಕ್ಕಳ ಆರೋಗ್ಯವನ್ನೇ ಕಸಿದುಕೊಳ್ಳುತ್ತಿದೆ.

2011ರ ಜನಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷ 24 ಸಾವಿರ. ಆ ಗಣತಿಯು ಹಳೆಯ ಕಾನೂನಿನ ಕಾಲದ್ದು. 2016ರಲ್ಲಿ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಿಕಲತೆಯ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಸ್ನಾಯುಕ್ಷಯ, ಆಟಿಸಂ, ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಥಲಸ್ಸೇಮಿಯಾ ಮೊದಲಾದವು ಈಗ ಅದರೊಳಗೆ ಸೇರಿವೆ. ಅದೇ ಅಧಿನಿಯಮದ 30ನೆಯ ಪ್ರಕರಣವು ಕ್ರೀಡೆಯಲ್ಲಿ ವಿಕಲಚೇತನರು ಭಾಗವಹಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು ಹೇಳುತ್ತದೆ. ಹಿಂದಿನ ತಲೆಮಾರಿನಲ್ಲಿ ಊರಿಗೆ ಒಬ್ಬರಿಬ್ಬರಾದರೂ ಪೋಲಿಯೋ ಪೀಡಿತರು ಕಾಣಸಿಗುತ್ತಿದ್ದರು. 2011ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಾಣುವಿನ ಹೊಸ ಪ್ರಕರಣವಿಲ್ಲ. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದುದರಿಂದ ಇಂದಿನ ಮಕ್ಕಳಲ್ಲಿ ಕಾಣುವ ಚಲನ ವೈಕಲ್ಯಕ್ಕೆ ಕಾರಣಗಳು ಬೇರೆ. ಹೆರಿಗೆಯ ಆಸುಪಾಸಿನಲ್ಲಿ ಮೆದುಳಿಗೆ ಆದ ಹಾನಿ, ಹುಟ್ಟಿನಿಂದ ಬಂದ ಬೆನ್ನುಹುರಿಯ ದೋಷ, ಸ್ನಾಯುರೋಗ, ರಸ್ತೆ ಅಪಘಾತ, ಮರದಿಂದಲೋ ಮಾಳಿಗೆಯಿಂದಲೋ ಬಿದ್ದು ಆದ ಪೆಟ್ಟು ಇವು ಅವುಗಳಲ್ಲಿ ಮುಖ್ಯವಾದವು.

ಕುಳಿತಲ್ಲೇ ಕುಳಿತ ದೇಹ

ಇಂತಹ ಮಗುವನ್ನು ಮನೆಯವರು ಪ್ರೀತಿಯಿಂದಲೇ ಕುಳ್ಳಿರಿಸುತ್ತಾರೆ. ಬಿದ್ದೀತು, ನೋವಾದೀತು, ಯಾರಾದರೂ ಆಡಿಕೊಂಡಾರು ಎಂಬ ಅಂಜಿಕೆ ಅವರದು. ಶಾಲೆಗೆ ಹೋದರೂ ವ್ಯಾಯಾಮದ ಅವಧಿಯಲ್ಲಿ ಆ ಮಗುವಿಗೆ ದೊರೆಯುವ ಕೆಲಸ ಸಾಮಾನ್ಯವಾಗಿ ಎರಡೇ: ಉಳಿದವರ ಚಪ್ಪಲಿ ಮತ್ತು ಚೀಲಗಳನ್ನು ಕಾಯುವುದು, ಇಲ್ಲವೇ ಅಂಕಗಳನ್ನು ಎಣಿಸುವುದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಉದ್ದೇಶ ಹೇಗಿದೆ ಎಂದು ನೋಡಿ ದೇಹವು ರಿಯಾಯಿತಿ ತೋರುವುದಿಲ್ಲ.

ಬಳಸದ ಸ್ನಾಯು ಕುಗ್ಗುತ್ತದೆ. ಒಂದೇ ಭಂಗಿಯಲ್ಲಿ ಬಹುಕಾಲ ಇರುವ ಕೀಲಿನ ಸುತ್ತಲಿನ ತಂತುಗಳು ಕ್ರಮೇಣ ಗಿಡ್ಡವಾಗಿ, ಮೊಣಕಾಲು, ಸೊಂಟ, ಪಾದಗಳು ಮಡಚಿದ ಸ್ಥಿತಿಯಲ್ಲಿಯೇ ಸೆಟೆದುಕೊಳ್ಳುತ್ತವೆ. ಆಮೇಲೆ ಅವನ್ನು ಬಿಡಿಸಲು ಶಸ್ತ್ರಕ್ರಿಯೆಯೇ ಬೇಕಾಗಬಹುದು. ಮೂಳೆಯು ಭಾರವನ್ನೂ ಎಳೆತವನ್ನೂ ಅನುಭವಿಸಿದಾಗ ಮಾತ್ರ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಒತ್ತಡವಿಲ್ಲದಿದ್ದರೆ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಕುಳಿತೇ ಇರುವ ಮಗುವಿಗೆ ಮಲಬದ್ಧತೆ ಕಾಡುತ್ತದೆ, ತೂಕ ಏರುತ್ತದೆ. ತೂಕ ಏರಿದಷ್ಟೂ ಎತ್ತಿ ಇಳಿಸುವ ತಾಯಿಯ ಬೆನ್ನು ಸವೆಯುತ್ತದೆ. ಸ್ಪರ್ಶಜ್ಞಾನವಿಲ್ಲದ ಮಗುವಾದರೆ ಕುಳಿತ ಜಾಗದಲ್ಲಿ ಹುಣ್ಣುಗಳಾಗುತ್ತವೆ. ನಿದ್ರೆ ಕೆಡುತ್ತದೆ, ಮನಸ್ಸು ಮುದುಡುತ್ತದೆ. ಇವುಗಳಲ್ಲಿ ಬಹುಪಾಲು ಮೂಲ ವೈಕಲ್ಯದಿಂದ ನೇರವಾಗಿ ಬಂದ ತೊಂದರೆಗಳಲ್ಲ, ಚಲನೆಯ ಅಭಾವದಿಂದ ಬಂದವು ಅಥವಾ ಉಲ್ಬಣಿಸಿದವು ಎಂಬುದನ್ನು ತಂದೆತಾಯಿಗಳು ಮನಗಾಣಬೇಕು. ಮೂಲ ವೈಕಲ್ಯವನ್ನು ಗುಣಪಡಿಸುವುದು ಅನೇಕ ವೇಳೆ ಸಾಧ್ಯವಿಲ್ಲ. ಈ ಎರಡನೆಯ ಬಗೆಯ ತೊಂದರೆಗಳನ್ನು ತಡೆಯುವುದು ಬಹುಮಟ್ಟಿಗೆ ಸಾಧ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ದೈಹಿಕ ಚಟುವಟಿಕೆಯ ಮಾರ್ಗಸೂಚಿಯಲ್ಲಿ ವಿಕಲಚೇತನರಿಗಾಗಿ ಮೊದಲ ಬಾರಿಗೆ ಪ್ರತ್ಯೇಕ ಸಲಹೆಗಳನ್ನು ನೀಡಿತು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಂತೆ ಚಟುವಟಿಕೆಯಿಂದಿರಬೇಕು, ವಾರದಲ್ಲಿ ಕನಿಷ್ಠ 3 ದಿನ ಏದುಸಿರು ಬರುವಂತಹ ಆಟವಿರಬೇಕು ಎಂಬುದು ಎಲ್ಲ ಮಕ್ಕಳಿಗೂ ಹೇಳಿದ ಮಾತು. ವಿಕಲಚೇತನ ಮಕ್ಕಳಿಗೂ ಅದು ಅದನ್ನೇ ಹೇಳಿತು. ಪೂರ್ತಿ 60 ನಿಮಿಷ ಆಗದಿದ್ದರೆ ಆಗುವಷ್ಟರಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕೆಂಬ ಸೂಚನೆಯೂ ಅದರಲ್ಲಿದೆ.

ಇಷ್ಟೊಂದು ಆಟಗಳಿರುವಾಗ ಟೆನಿಸ್ ಏಕೆ?

ಕಬಡ್ಡಿ, ಖೋಖೋ, ವಾಲಿಬಾಲ್ ನಮ್ಮ ನೆಲದಲ್ಲಿ ಬೇರುಬಿಟ್ಟ ಆಟಗಳು. ಅವುಗಳನ್ನು ಬಿಟ್ಟು ಟೆನಿಸ್ ಆಡಿ ಎಂದು ನಾವು ಹೇಳುತ್ತಿಲ್ಲ. ಆದರೆ ವಿಕಲಚೇತನ ಮಗು ಇತರ ಮಕ್ಕಳೊಡನೆ ಕೂಡಿ ಆಡುವ ವಿಷಯ ಬಂದಾಗ ಟೆನಿಸ್ಸಿಗೆ ಕೆಲವು ಅನುಕೂಲಗಳಿವೆ. ಆಟಗಾರರ ನಡುವೆ ನೆಟ್ ಇರುವುದರಿಂದ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಭಯವಿಲ್ಲ. ಚೆಂಡು ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೆಯುವ ಅವಕಾಶವಿರುವುದರಿಂದ, ಚೆಂಡು ನೆಲ ಮುಟ್ಟಿದೊಡನೆ ಮುಗಿದುಹೋಗುವ ಷಟಲ್ ಅಥವಾ ವಾಲಿಬಾಲ್‌ಗಿಂತ ಇಲ್ಲಿ ಯೋಚಿಸಲು ಒಂದು ಕ್ಷಣ ಹೆಚ್ಚು ದೊರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಂಕಣವನ್ನು ಕಿರಿದುಗೊಳಿಸಬಹುದು, ಚೆಂಡಿನ ವೇಗ ತಗ್ಗಿಸಬಹುದು, ಪುಟಿತಗಳ ಸಂಖ್ಯೆಯನ್ನು ಹೆಚ್ಚಿಸಬಹುದು. ಹಾಗೆ ಮಾಡಿದರೂ ಅದು ಟೆನಿಸ್ ಆಗಿಯೇ ಉಳಿಯುತ್ತದೆ.

ಮೂಳೆಯ ಬೆಳವಣಿಗೆಗೂ ಈ ಆಟಕ್ಕೂ ಇರುವ ನಂಟು ವೈದ್ಯಲೋಕದಲ್ಲಿ ಪ್ರಸಿದ್ಧ. ಟೆನಿಸ್ ಆಟಗಾರರು ರಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯ ಮೂಳೆಗಿಂತ ದಪ್ಪವೂ ಗಟ್ಟಿಯೂ ಆಗಿರುತ್ತದೆ. ಒಬ್ಬನೇ ವ್ಯಕ್ತಿಯ ಎರಡು ಕೈಗಳನ್ನು ಹೋಲಿಸುವುದರಿಂದ ಆಹಾರ, ವಂಶ ಮುಂತಾದ ಬೇರೆ ಕಾರಣಗಳಿಗೆ ಇಲ್ಲಿ ಆಸ್ಪದವಿಲ್ಲ. ಹರೆಯಕ್ಕೆ ಬರುವ ಮೊದಲೇ ಆಡತೊಡಗಿದವರಲ್ಲಿ ಈ ಲಾಭ ತಡವಾಗಿ ಆರಂಭಿಸಿದವರಿಗಿಂತ ಬಹಳ ಹೆಚ್ಚು. ಹೆಣ್ಣುಮಕ್ಕಳ ತಂದೆತಾಯಿಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಇನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಬಹುವರ್ಷ ನಡೆದ ಹೃದಯ ಅಧ್ಯಯನದ 2018ರ ವರದಿಯಲ್ಲಿ, ಟೆನಿಸ್ ಆಡುವವರ ಆಯಸ್ಸು ಏನನ್ನೂ ಆಡದವರಿಗಿಂತ ಸುಮಾರು 9.7 ವರ್ಷ ಹೆಚ್ಚು ಎಂದು ಕಂಡುಬಂದಿತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅಲ್ಲಿ ಟೆನಿಸ್ ಆಡುವವರು ಅನುಕೂಲಸ್ಥರೂ ಆಗಿರಬಹುದು, ಅವರ ದೀರ್ಘಾಯುಷ್ಯಕ್ಕೆ ಹಣದ ಪಾಲೂ ಇದ್ದೀತು. ಆದರೂ ಗೆಳೆಯರೊಡನೆ ಕೂಡಿ, ವಯಸ್ಸಾದ ಮೇಲೂ ಆಡಬಹುದಾದ ಆಟ ಇದೆಂಬುದರಲ್ಲಿ ಅನುಮಾನವಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದಾಗ ಅವರಿಗೆ 43 ವರ್ಷ.

ಪೂರ್ಣ ಟೆನಿಸ್ ಅಂಕಣದ ಉದ್ದ 23.77 ಮೀಟರ್. ಎಂಟು ವರ್ಷದ ಮಗುವನ್ನು ಅದರಲ್ಲಿ ನಿಲ್ಲಿಸಿ, ತಲೆಗಿಂತ ಎತ್ತರಕ್ಕೆ ಪುಟಿಯುವ ಚೆಂಡನ್ನು ಹೊಡೆ ಎಂದರೆ ಎರಡೇ ದಿನದಲ್ಲಿ ಆಟ ಬೇಸರವಾಗುತ್ತದೆ. ಇದನ್ನು ಅರಿತ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು 2012ರಿಂದ 10 ವರ್ಷದೊಳಗಿನವರ ಪಂದ್ಯಗಳಲ್ಲಿ ಸಾಮಾನ್ಯ ಹಳದಿ ಚೆಂಡಿನ ಬಳಕೆಯನ್ನು ನಿಲ್ಲಿಸಿತು. ಅದರ ಬದಲು ಕೆಂಪು, ಕಿತ್ತಳೆ, ಹಸಿರು ಗುರುತಿನ ಮೆತ್ತನೆಯ ಚೆಂಡುಗಳು ಬಂದವು. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಶೇಕಡಾ 75ರಷ್ಟು, ಕಿತ್ತಳೆ ಶೇಕಡಾ 50ರಷ್ಟು, ಹಸಿರು ಶೇಕಡಾ 25ರಷ್ಟು ನಿಧಾನ. ಕೆಂಪು ಹಂತದ ಅಂಕಣದ ಉದ್ದ ಸುಮಾರು 11 ಮೀಟರ್, ನೆಟ್ಟಿನ ಎತ್ತರ 80 ಸೆಂಟಿಮೀಟರ್. ನಮ್ಮ ಶಾಲಾ ಅಂಗಳಗಳಲ್ಲಿರುವ ಷಟಲ್ ಅಂಕಣದ ಉದ್ದ 13.4 ಮೀಟರ್, ಅಗಲ 6.1 ಮೀಟರ್ ಎಂಬುದನ್ನು ಇದರೊಡನೆ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಷಟಲ್ ಅಂಕಣವಿರುವ ಪ್ರತಿಯೊಂದು ಶಾಲೆಯಲ್ಲಿಯೂ ಮಕ್ಕಳ ಟೆನಿಸ್ ಅಂಕಣಕ್ಕೆ ಸ್ಥಳ ಸಿದ್ಧವಾಗಿಯೇ ಇದೆ. ಸುಣ್ಣದ ಪುಡಿಯ ಗೆರೆ, ಎರಡು ಗೂಟಗಳ ನಡುವೆ ಕಟ್ಟಿದ ಹಗ್ಗ, ಅದಕ್ಕೆ ಇಳಿಬಿಟ್ಟ ಹಳೆಯ ಸೀರೆ ಇಷ್ಟಿದ್ದರೂ ನಡೆಯುತ್ತದೆ. ರಾಕೆಟ್ ಇಲ್ಲದಿದ್ದರೆ ಮೊದಲ ಕೆಲವು ವಾರ ಬಡಗಿಯಿಂದ ಮಾಡಿಸಿದ ಹಗುರವಾದ ಹಲಗೆಯ ಬ್ಯಾಟು ಸಾಕು. ಆಡಿ ಆಡಿ ಗಾಳಿ ಇಳಿದ ಚೆಂಡನ್ನು ಕ್ರಿಕೆಟ್ ಹುಡುಗರು ಎಸೆಯುತ್ತಾರಲ್ಲ, ಪುಟ್ಟ ಮಕ್ಕಳಿಗೆ ಹೊಸ ಚೆಂಡಿಗಿಂತ ಅದೇ ಮೇಲು.

ಗಾಲಿಕುರ್ಚಿಯ ಮೇಲೆ

ಗಾಲಿಕುರ್ಚಿ ಟೆನಿಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದಲ್ಲಿ. ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ಬ್ರಾಡ್ ಪಾರ್ಕ್ಸ್ ಎಂಬ ತರುಣ, ಚಿಕಿತ್ಸೆಯ ಅವಧಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ಟೆನಿಸ್ ಚೆಂಡು ಹೊಡೆಯಲು ಯತ್ನಿಸಿದ. ಹನ್ನೆರಡು ವರ್ಷಗಳಲ್ಲಿ, 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅದು ಪ್ರದರ್ಶನ ಪಂದ್ಯವಾಯಿತು. 1992ರ ಬಾರ್ಸಿಲೋನಾ ಕೂಟದಲ್ಲಿ ಪದಕದ ಕ್ರೀಡೆಯಾಯಿತು. ನೆದರ್ಲೆಂಡ್ಸ್‌ನ ಎಸ್ತರ್ ವರ್ಗೀರ್ ಎಂಬಾಕೆ 2003ರಿಂದ ನಿವೃತ್ತಿಯವರೆಗೆ ಸತತವಾಗಿ 470 ಸಿಂಗಲ್ಸ್ ಪಂದ್ಯಗಳನ್ನು ಗೆದ್ದರು.

ಈ ಆಟಕ್ಕೂ ಸಾಮಾನ್ಯ ಟೆನಿಸ್ಸಿಗೂ ಇರುವ ಮುಖ್ಯ ವ್ಯತ್ಯಾಸ ಒಂದೇ. ಗಾಲಿಕುರ್ಚಿಯ ಆಟಗಾರನಿಗೆ ಚೆಂಡು ಎರಡು ಬಾರಿ ಪುಟಿಯುವವರೆಗೆ ಕಾಯುವ ಅವಕಾಶವಿದೆ. ಮೊದಲ ಪುಟಿತ ಗೆರೆಯೊಳಗಿರಬೇಕು, ಎರಡನೆಯದು ಹೊರಗಾದರೂ ಸರಿ. ಅಂಕಣ ಅದೇ, ನೆಟ್ ಅದೇ, ರಾಕೆಟ್ ಅದೇ. ಕುರ್ಚಿಯನ್ನು ದೇಹದ ಭಾಗವೆಂದೇ ಎಣಿಸುವುದರಿಂದ ಚೆಂಡು ಕುರ್ಚಿಗೆ ತಗುಲಿದರೆ ಅಂಕ ಹೋಗುತ್ತದೆ. ಚೆಂಡು ಹೊಡೆಯುವಾಗ ಆಸನದಿಂದ ಪೂರ್ತಿ ಮೇಲೇಳುವಂತಿಲ್ಲ. ಕಾಲೂರಿ ಕುರ್ಚಿಯನ್ನು ನಿಲ್ಲಿಸುವಂತೆಯೂ ಇಲ್ಲ.

ನಿಯಮ ಪುಸ್ತಕದ ಇನ್ನೊಂದು ಅಂಶ ನಮಗೆ ಬಹಳ ಹಿಡಿಸಿತು. ಗಾಲಿಕುರ್ಚಿಯ ಆಟಗಾರನೂ ನಡೆದಾಡುವ ಆಟಗಾರನೂ ಪರಸ್ಪರ ಎದುರಾಗಿ ಅಥವಾ ಜೊತೆಯಾಗಿ ಆಡಬಹುದು. ಕುರ್ಚಿಯಲ್ಲಿರುವವನಿಗೆ ಎರಡು ಪುಟಿತ, ನಡೆದಾಡುವವನಿಗೆ ಒಂದು. ಇದು ಕರುಣೆಯಿಂದ ಕೊಟ್ಟ ವಿನಾಯಿತಿಯಲ್ಲ, ಆಟದ ನಿಯಮವೇ. ಅಂದರೆ ಅಣ್ಣ ಓಡುತ್ತಾ, ತಂಗಿ ಕುರ್ಚಿಯಲ್ಲಿ ಕುಳಿತು, ಒಂದೇ ಅಂಗಳದಲ್ಲಿ ಒಂದೇ ಚೆಂಡಿನಿಂದ ನಿಯಮಬದ್ಧವಾಗಿ ಆಡಬಹುದು. ನೆರೆಮನೆಯ ಮಕ್ಕಳೂ ಸೇರಿಕೊಳ್ಳಬಹುದು. ವಿಕಲಚೇತನ ಮಕ್ಕಳಿಗೆ ಬೇರೆಯೇ ಒಂದು ದಿನ, ಬೇರೆಯೇ ಒಂದು ಮೂಲೆ ಗೊತ್ತುಪಡಿಸುವ ಅಗತ್ಯ ಇಲ್ಲಿಲ್ಲ.

ಕ್ರೀಡೆಗೆಂದೇ ತಯಾರಾದ ಗಾಲಿಕುರ್ಚಿಯ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ, ನೆಲದ ಬಳಿ ಹೊರಕ್ಕೆ ಓರೆಯಾಗಿರುತ್ತವೆ. ಇದರಿಂದ ಕುರ್ಚಿ ಬೇಗ ತಿರುಗುತ್ತದೆ, ಪಕ್ಕಕ್ಕೆ ಉರುಳುವುದಿಲ್ಲ. ಹಿಂದಕ್ಕೆ ಮಗುಚದಂತೆ ಒಂದು ಪುಟ್ಟ ಚಕ್ರವೂ, ಸೊಂಟಕ್ಕೆ ಪಟ್ಟಿಯೂ ಇರುತ್ತವೆ. ಅಂತಹ ಕುರ್ಚಿ ದುಬಾರಿ. ಆದರೆ ಆರಂಭಕ್ಕೆ ಅದು ಬೇಕಿಲ್ಲ. ಶಿಬಿರಗಳಲ್ಲಿ ಉಚಿತವಾಗಿ ದೊರೆಯುವ ಸಾಮಾನ್ಯ ಗಾಲಿಕುರ್ಚಿಯಲ್ಲಿಯೇ, ಗಟ್ಟಿ ನೆಲದ ಮೇಲೆ, ಸೊಂಟಕ್ಕೂ ಕಾಲಿಗೂ ಅಗಲವಾದ ಪಟ್ಟಿ ಕಟ್ಟಿ, ಹಿಂದೆ ಒಬ್ಬರು ನಿಂತು ನೋಡಿಕೊಂಡರೆ ಮೊದಲ ಪಾಠಗಳು ನಡೆಯುತ್ತವೆ. ಮೊದಲ ಪಾಠ ಚೆಂಡು ಹೊಡೆಯುವುದಲ್ಲ. ರಾಕೆಟ್ಟನ್ನು ಅಂಗೈಯಲ್ಲಿ ಹಿಡಿದುಕೊಂಡೇ ಚಕ್ರವನ್ನು ತಳ್ಳುವುದು, ನಿಲ್ಲಿಸುವುದು, ತಿರುಗಿಸುವುದು. ಇದನ್ನು ಕಲಿತ ಮಗು ಮನೆಯ ಹೊಸ್ತಿಲನ್ನೂ ಶಾಲೆಯ ಇಳಿಜಾರನ್ನೂ ತಾನೇ ದಾಟಲು ಕಲಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಗೆದ್ದ ಅಂಕಗಳಿಗಿಂತ ಇದು ದೊಡ್ಡದು.

ದೃಷ್ಟಿಯಿಲ್ಲದ ಮಕ್ಕಳು ಚೆಂಡಿನ ಆಟ ಹೇಗೆ ಆಡಿಯಾರು ಎಂದು ಕೇಳುವವರುಂಟು. 1984ರಲ್ಲಿ ಜಪಾನಿನ ಮಿಯೋಶಿ ತಾಕೇಯಿ ಎಂಬ ಅಂಧ ತರುಣ ಇದಕ್ಕೆ ಉತ್ತರ ಕಂಡುಕೊಂಡರು. ಸ್ಪಂಜಿನ ಚೆಂಡಿನೊಳಗೆ ಸದ್ದು ಮಾಡುವ ಪುಟ್ಟ ಚೆಂಡನ್ನಿಟ್ಟು, ಅದು ನೆಲಕ್ಕೆ ಬಿದ್ದಾಗ ಬರುವ ಸಪ್ಪಳವನ್ನು ಹಿಡಿದು ಹೊಡೆಯುವ ಕ್ರಮ ಅವರದು. ಸಂಪೂರ್ಣ ಅಂಧರಿಗೆ ಮೂರು ಪುಟಿತಗಳ ಅವಕಾಶವಿದೆ. ಗೆರೆಗಳಡಿ ದಾರವಿಟ್ಟು ಮೇಲೆ ಪಟ್ಟಿ ಅಂಟಿಸಿರುವುದರಿಂದ ಪಾದಕ್ಕೆ ಗೆರೆ ತಿಳಿಯುತ್ತದೆ. ಕರ್ನಾಟಕದವರಿಗೆ ಇದು ಅಚ್ಚರಿಯ ಸಂಗತಿಯಾಗಬಾರದು. ಗಿಲಕಿಯಂತೆ ಸದ್ದು ಮಾಡುವ ಚೆಂಡಿನ ಅಂಧರ ಕ್ರಿಕೆಟ್ಟಿನ ಮೊದಲ ಟಿ-20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. ಅದನ್ನು ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್.

ಶ್ರವಣದೋಷವುಳ್ಳ ಮಕ್ಕಳಿಗೆ ಆಟದಲ್ಲಿ ಯಾವ ಬದಲಾವಣೆಯೂ ಬೇಡ, ಕಲಿಸುವ ರೀತಿ ಮಾತ್ರ ಬದಲಾಗಬೇಕು. ಶಿಳ್ಳೆಯ ಬದಲು ಬಣ್ಣದ ಬಾವುಟ, ವಿವರಣೆಯ ಬದಲು ಮಾಡಿ ತೋರಿಸುವುದು. ಗಡಿಯಾಚೆ ಆಂಧ್ರದ ಕರ್ನೂಲಿನ ಜಾಫ್ರಿನ್ ಶೇಕ್ ಅವರು 2022ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕಿವುಡರ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್‌ನಲ್ಲಿ ಪೃಥ್ವಿ ಶೇಖರ್ ಅವರೊಡನೆ ಕಂಚಿನ ಪದಕ ಪಡೆದರು. ಬುದ್ಧಿಮಾಂದ್ಯತೆಯುಳ್ಳ ಮಕ್ಕಳಿಗೆ ಪ್ರತಿದಿನ ಒಂದೇ ಸಮಯ, ಒಂದೇ ಜಾಗ, ಒಂದೇ ಕ್ರಮ, ಒಂದು ಬಾರಿಗೆ ಒಂದೇ ಸೂಚನೆ ಎಂಬ ನಿಯಮ ಸಾಕು. 1968ರಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಅವರಿಗೂ ಟೆನಿಸ್ ಇದೆ, ಇತರ ಮಕ್ಕಳೊಡನೆ ಒಂದೇ ತಂಡದಲ್ಲಿ ಆಡುವ ಪದ್ಧತಿಯೂ ಇದೆ.

ಬೆಂಗಳೂರಿನಿಂದ ನಂದಿಯ ತಪ್ಪಲಿಗೆ

ಭಾರತದಲ್ಲಿ ಗಾಲಿಕುರ್ಚಿ ಟೆನಿಸ್ ಬೆಳೆದ ಮುಖ್ಯ ತಾಣಗಳಲ್ಲಿ ಬೆಂಗಳೂರು ಒಂದು. ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಲ್ಲಿ ಟಬೂಬಿಯಾ ಓಪನ್ ಎಂಬ ಗಾಲಿಕುರ್ಚಿ ಟೆನಿಸ್ ಪಂದ್ಯಾವಳಿ ನಡೆಯುತ್ತ ಬಂದಿದೆ. ಬೇಸಿಗೆಯ ಮುನ್ನ ಬೆಂಗಳೂರಿನ ರಸ್ತೆಗಳನ್ನು ಬಣ್ಣಗೊಳಿಸುವ ಹೂಮರದ ಹೆಸರು ಅದಕ್ಕೆ. ಬೆಂಗಳೂರಿನ ಶೇಖರ್ ವೀರಸ್ವಾಮಿ, ಪ್ರತಿಮಾ ರಾವ್ ಮೊದಲಾದವರು ಈ ಆಟದಲ್ಲಿ ದೇಶದ ಮುಂಚೂಣಿಯ ಆಟಗಾರರೆನಿಸಿದ್ದಾರೆ. ರಾಕೆಟ್ ಹಿಡಿದ ಇನ್ನೊಬ್ಬ ಕನ್ನಡಿಗ, ಹಾಸನದಲ್ಲಿ ಜನಿಸಿದ ಐ.ಎ.ಎಸ್. ಅಧಿಕಾರಿ ಸುಹಾಸ್ ಯತಿರಾಜ್, ಪಾದದ ವೈಕಲ್ಯವಿದ್ದೂ ಟೋಕಿಯೋ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲಿಯೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 60 ಕಿಲೋಮೀಟರ್. ತರಕಾರಿ, ಹೂವು, ರೇಷ್ಮೆ, ಹಾಲು ದಿನವೂ ಈ ದಾರಿಯಲ್ಲಿ ಆ ಕಡೆಗೆ ಹೋಗುತ್ತವೆ. ಆ ಕಡೆಯಿಂದ ಈ ಆಟ ಬರಲು ಏನು ಅಡ್ಡಿ? ಸ್ಥಳದ ಅಭಾವವಂತೂ ಅಲ್ಲ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಜಿಲ್ಲಾ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರು ಕ್ರೀಡಾಂಗಣ ಇವೆ. ಇವುಗಳ ಒಂದು ಬದಿಯಲ್ಲಿ ಷಟಲ್ ಅಂಕಣದಷ್ಟು ಗಟ್ಟಿ ನೆಲ ಸಿಕ್ಕರೆ ಸಾಕು. ನೆಲದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮರಳು ಮತ್ತು ಸಡಿಲ ಮಣ್ಣಿನಲ್ಲಿ ಗಾಲಿ ಹೂಳುತ್ತದೆ, ಊರುಗೋಲು ಜಾರುತ್ತದೆ. ಸಿಮೆಂಟು ಹಾಸಿದ ಶಾಲಾ ಪ್ರಾರ್ಥನೆಯ ಅಂಗಳ, ಸಮುದಾಯ ಭವನದ ಮುಂಭಾಗ, ಪ್ರಸಾದ ನಿಲಯಗಳ ಒಳಾಂಗಣ ಇವೆಲ್ಲ ಸಂಜೆಯ ಒಂದು ಗಂಟೆಗೆ ಒದಗಬಲ್ಲವು. ಹಾಗೆಯೇ ಆ ಸ್ಥಳದಲ್ಲಿ ಗಾಲಿಕುರ್ಚಿ ಹೊಗಬಲ್ಲ ಶೌಚಾಲಯವಿದೆಯೇ ಎಂಬುದನ್ನು ಮೊದಲೇ ನೋಡಬೇಕು. ಎಷ್ಟೋ ಹೆಣ್ಣುಮಕ್ಕಳು ಆಟ ಬಿಡುವುದು ಆಟದ ಕಷ್ಟಕ್ಕಲ್ಲ, ಈ ಒಂದು ಕೊರತೆಗೆ.

ಮಕ್ಕಳನ್ನು ಹುಡುಕುವುದು ಹೇಗೆ? ಬಹುತೇಕ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಅವರಲ್ಲಿ ಅನೇಕರು ತಾವೂ ವಿಕಲಚೇತನರೇ ಆಗಿರುವುದರಿಂದ ಮನೆಯವರೂ ಅವರ ಮಾತನ್ನು ನಂಬುತ್ತಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಿಗೆ ಮನೆಯಲ್ಲೇ ಪಾಠ ಕಲಿಯುತ್ತಿರುವ ಮಕ್ಕಳ ಪರಿಚಯವಿರುತ್ತದೆ. ಕಲಿಸಲು ಮೊದಲ ದಿನವೇ ಟೆನಿಸ್ ತರಬೇತುದಾರ ಬೇಕೆಂದು ಕಾಯಬಾರದು. ಬಾಲ್ ಬ್ಯಾಡ್ಮಿಂಟನ್, ಷಟಲ್, ರಿಂಗ್ ಬಲ್ಲ ದೈಹಿಕ ಶಿಕ್ಷಕರು ನಮ್ಮ ಕಡೆ ಬೇಕಾದಷ್ಟಿದ್ದಾರೆ, ಅವರಿಗೆ ರಾಕೆಟ್ ಹೊಸದಲ್ಲ. ಏಳೆಂಟು ಮಕ್ಕಳು, ಅವರಲ್ಲಿ ಇಬ್ಬರೋ ಮೂವರೋ ವಿಕಲಚೇತನರು, ಇಬ್ಬರು ದೊಡ್ಡವರು, ವಾರಕ್ಕೆ ಮೂರು ಸಂಜೆ. ಇದಕ್ಕಿಂತ ದೊಡ್ಡದಾಗಿ ಉದ್ಘಾಟನೆ, ಶಾಮಿಯಾನ, ಹಾರ ತುರಾಯಿಗಳೊಡನೆ ಆರಂಭವಾದ ಕಾರ್ಯಕ್ರಮಗಳು ಎಷ್ಟು ದಿನ ಬಾಳುತ್ತವೆಂಬುದು ಓದುಗರಿಗೆ ಗೊತ್ತಿಲ್ಲದ್ದೇನಲ್ಲ.

ವೈದ್ಯರನ್ನು ಕೇಳಬೇಕಾದ ಮಾತುಗಳು

ಆಟಕ್ಕೆ ಇಳಿಸುವ ಮೊದಲು ವೈದ್ಯರ ಬಳಿ ಹೋಗಿ ‘ಆಡಬಹುದೇ?’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ‘ಆಡುವಾಗ ಯಾವುದನ್ನು ತಪ್ಪಿಸಬೇಕು?’ ಎಂದು ಕೇಳಬೇಕು. ಮಗುವಿನ ಸ್ಥಿತಿಗನುಗುಣವಾಗಿ ಆ ಉತ್ತರ ಬೇರೆ ಬೇರೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ಬೆಸುಗೆ ಸಡಿಲವಾಗಿರುತ್ತದೆ. ಎರಡನ್ನೂ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಕತ್ತು ನೋವು, ನಡಿಗೆಯಲ್ಲಿ ಹೊಸದಾಗಿ ತೊಡರು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಆಟ ನಿಲ್ಲಿಸಿ ಕೂಡಲೇ ತೋರಿಸಬೇಕು. ಮೆದುಳಿನ ಹಾನಿಯಿಂದ ಸ್ನಾಯು ಬಿಗಿತವಿರುವ ಮಕ್ಕಳಿಗೆ ಆಟಕ್ಕೆ ಮುನ್ನ ಹತ್ತು ಹದಿನೈದು ನಿಮಿಷ ನಿಧಾನವಾಗಿ ಕೈಕಾಲು ಎಳೆದು ಸಡಿಲಿಸುವುದು ಕಡ್ಡಾಯ. ಹಿಡಿತವಿಲ್ಲದ ಕೈಗೆ ರಾಕೆಟ್ಟನ್ನು ಅಗಲವಾದ ಬಟ್ಟೆಪಟ್ಟಿಯಿಂದ ಕಟ್ಟಬಹುದು, ಆದರೆ ರಕ್ತ ಸಂಚಾರ ನಿಲ್ಲುವಂತೆ ಬಿಗಿಯಬಾರದು. ಸ್ನಾಯುಕ್ಷಯದ ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅವರಿಗೆ ದಣಿವಿನವರೆಗೆ ಆಡಿಸುವುದು ಹಾನಿಕರ. ಮರುದಿನವೂ ಮೈನೋವು ಉಳಿದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅತಿಯಾಯಿತೆಂದೇ ಅರ್ಥ.

ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಭಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ. ಆದುದರಿಂದ ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಿನಲ್ಲಿ ಅವರ ಮೈ ಬೇಗ ಕಾಯುತ್ತದೆ. ನೆರಳು, ಒದ್ದೆ ಬಟ್ಟೆ, ನೀರು ಪಕ್ಕದಲ್ಲಿಯೇ ಇರಬೇಕು. ಕುಳಿತ ಭಾಗವನ್ನು ಆಟದ ನಡುವೆ ಆಗಾಗ ಕೈಯೂರಿ ಎತ್ತಿ ಒತ್ತಡ ತಗ್ಗಿಸಬೇಕು. ರಾತ್ರಿ ಚರ್ಮವನ್ನು ಕನ್ನಡಿಯಲ್ಲಿ ನೋಡಿ, ಕೆಂಪಗಾಗಿದ್ದರೆ ಅದು ಮಾಯುವವರೆಗೆ ಕುರ್ಚಿಯ ಆಟ ಬಿಡಬೇಕು. ಎದೆಯ ಮೇಲ್ಭಾಗದಲ್ಲೋ ಕತ್ತಿನಲ್ಲೋ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತೀವ್ರ ತಲೆನೋವು ಬಂದು ಮುಖ ಕೆಂಪೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಏರಿರಬಹುದು. ನೆಟ್ಟಗೆ ಕೂರಿಸಿ, ಬಿಗಿಯಾದ ಪಟ್ಟಿಗಳನ್ನು ಸಡಿಲಿಸಿ, ಮೂತ್ರನಾಳದ ಕೊಳವೆ ಮಡಚಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಲಿಕುರ್ಚಿಯ ಆಟಗಾರರಿಗೆಲ್ಲ ಭುಜವೇ ಕಾಲು. ಆದುದರಿಂದ ಭುಜ ನೋವನ್ನು ಉಪೇಕ್ಷಿಸಬಾರದು. ಫಿಟ್ಸ್ ಇರುವ ಮಕ್ಕಳು ಮಾತ್ರೆ ತಪ್ಪಿಸದೆ, ನೋಡಿಕೊಳ್ಳುವವರು ಜೊತೆಗಿದ್ದರೆ ಸಾಮಾನ್ಯವಾಗಿ ಆಡಬಹುದು. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳ ಮಕ್ಕಳಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಸೇದುವ ಔಷಧಿಯನ್ನು ಆಟದ ಜಾಗಕ್ಕೇ ತರಬೇಕು.

ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ಸಂಗತಿಯಿದೆ. ಇಲ್ಲಿನ ಅನೇಕ ಊರುಗಳ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು, ಬೇರೆ ನೀರೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವುದು ಮೊದಲ ಗುರುತು. ಬಹುಕಾಲ ಅದೇ ನೀರು ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ, ಬೆಳೆಯುವ ಮಕ್ಕಳ ಮೊಣಕಾಲುಗಳು ಒಳಕ್ಕೆ ಬಾಗಬಹುದು. ಆಡುವ ಮಗು ಹೆಚ್ಚು ನೀರು ಕುಡಿಯುತ್ತದೆ. ಹೀಗಾಗಿ ಆಟದ ಜಾಗದ ಕೊಳಾಯಿಯ ನೀರು ಯಾವ ಮೂಲದ್ದು ಎಂದು ವಿಚಾರಿಸದೆ ಬಿಡಬಾರದು. ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತರಿಸುವುದು ಕಷ್ಟವಲ್ಲ. ಮೊಣಕಾಲು ಬಾಗಿದ, ಬೆನ್ನು ಬಗ್ಗಿಸಲಾಗದ ಮಕ್ಕಳು ಓಡಿ ಜಿಗಿಯುವ ಬದಲು ಮೂಳೆತಜ್ಞರ ಸಲಹೆ ಪಡೆದು ಕುಳಿತೇ ಆಡಬಹುದು. ಇಂತಹ ಮಕ್ಕಳಿಗೆ ಸುಣ್ಣದಂಶದ ಆಹಾರ ವಿಶೇಷವಾಗಿ ಬೇಕು. ಅದೃಷ್ಟವಶಾತ್ ನಮ್ಮದು ರಾಗಿಯ ನಾಡು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆಟ ಮುಗಿದ ಮೇಲೆ ಪ್ಯಾಕೆಟ್ಟಿನ ಕುರುಕಲಿಗಿಂತ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಡುವುದು ಉತ್ತಮ.

ಜೂನ್ ತಿಂಗಳಲ್ಲಿ ಶಾಲೆಗಳು ವರ್ಷದ ವೇಳಾಪಟ್ಟಿ ಹಾಕುತ್ತವೆ. ಆಟದ ಅವಧಿಯಲ್ಲಿ ತಮ್ಮ ಮಗುವಿಗೂ ಪಾಲು ಇರಬೇಕೆಂದು ತಂದೆತಾಯಿಗಳು ಮುಖ್ಯ ಶಿಕ್ಷಕರನ್ನು ಕೇಳಲು ಅದೇ ತಕ್ಕ ಸಮಯ. ಹೋಗುವಾಗ ಮಗುವಿನ ವಿಶಿಷ್ಟ ಗುರುತಿನ ಚೀಟಿಯ ಪ್ರತಿಯನ್ನೂ, ಯಾವುದನ್ನು ತಪ್ಪಿಸಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನೂ ಒಯ್ಯಬೇಕು. ಮಗುವನ್ನೂ ಕರೆದುಕೊಂಡು ಹೋಗಬೇಕು, ಏಕೆಂದರೆ ಯಾವ ಕೈಯಲ್ಲಿ ರಾಕೆಟ್ ಹಿಡಿಯಬಲ್ಲೆ ಎಂಬುದನ್ನು ಶಿಕ್ಷಕರಿಗೆ ಹೇಳಬೇಕಾದ್ದು ಆ ಮಗುವೇ.